ನನ್ನ ಹೆಸರಿನ ತೆಂಗಿನಕಾಯಿ

ನನಗೆ ಆಗ ಹನ್ನೊಂದು ವರ್ಷ. ಇದು ಅರವತ್ತೇಳು ವರ್ಷದ ಹಿಂದಿನ ಸಂಗತಿ. ತಲೆಯಲ್ಲಿ ಕೂದಲು ಎರಡು ಬೆರಳಿನಷ್ಟು ಮಾತ್ರ ಇತ್ತು. ಅದಕ್ಕೂ ನಾಲ್ಕು ತಿಂಗಳ ಮೊದಲು ನರಿಮೊಗರಿನ ಅಜ್ಜಿಮನೆಗೆ ಹೋದವಳು ಅಲ್ಲಿಯೇ ಜ್ವರ ಹಿಡಿದು ಮಲಗಿದ್ದೆ. ಮೂರು ವಾರ ಜ್ವರ ಇಳಿಯಲಿಲ್ಲವಂತೆ. ನನಗೆ ನೆನಪಿರುವುದು ಗಂಜಿತಿಳಿಯ ರುಚಿ, ತಲೆ ಬೋಳಿಸಿದವನ ಕೈಯ ಹೊಗೆಸೊಪ್ಪಿನ ವಾಸನೆ, ಅಷ್ಟೇ. ಹೇಗೋ ಬದುಕಿದೆ.

ಜ್ವರ ಬಿಟ್ಟ ಮೇಲೆ ಒಂದು ತಿಂಗಳು ಅಲ್ಲಿಯೇ ಇದ್ದೆ. ಕೆಲಸ ಮಾಡಲು ಶಕ್ತಿ ಇಲ್ಲ, ಸುಮ್ಮನೆ ಕೂರಲು ಮನಸ್ಸಿಲ್ಲ. ತೆಂಗಿನಕಾಯಿ ರಾಶಿ ಹಾಕುವ ಕೊಟ್ಟಿಗೆಯಲ್ಲಿ ಕಾಯಿ ಸುಲಿಯುವವನ ಪಕ್ಕ ಕೂತು, ಅವನು ಸುಲಿದು ಹಾಕಿದ್ದನ್ನೆಲ್ಲ ಕಿವಿಯ ಹತ್ತಿರ ಹಿಡಿದು ಬೆರಳ ಗಂಟಿನಿಂದ ಬಡಿದು ನೋಡುತ್ತಿದ್ದೆ. ಗೆರಟೆ, ಅಂದರೆ ಕಾಯಿಯ ಚಿಪ್ಪು, ತೆಳು ಇದ್ದರೆ ಟಣ್ ಎನ್ನುತ್ತದೆ. ದಪ್ಪ ಇದ್ದರೆ ಟಕ್ ಎಂದು ಅಲ್ಲಿಗೇ ನಿಲ್ಲುತ್ತದೆ. ಒಂದು ತಿಂಗಳಲ್ಲಿ ನಾನು ಕಲಿತ ವಿದ್ಯೆ ಇದು. ಶಾಲೆಯಲ್ಲಿ ಎರಡು ವರ್ಷ ಕೂತು ಇಷ್ಟು ಚೆನ್ನಾಗಿ ಏನನ್ನೂ ಕಲಿಯಲಿಲ್ಲ.

ಆಮೇಲೆ ನಮ್ಮ ಮನೆಗೆ, ಅಂದರೆ ಅಜ್ಜಾವರಕ್ಕೆ, ವಾಪಸು ಬಂದೆ. ಏಪ್ರಿಲಿನಲ್ಲಿ ನಮ್ಮ ಕಡೆಯ ಹೊಸ ವರ್ಷ, ಬಿಸು ಹಬ್ಬ ಬಂತು. ಬಿಸುವಿಗೆ ಹೆಣ್ಣುಮಕ್ಕಳೆಲ್ಲ ಅಜ್ಜಿಮನೆಯಲ್ಲಿ ಸೇರುವುದು ಪದ್ಧತಿ. ಅಪ್ಪ ದನಗಳನ್ನು ಬಿಟ್ಟು ಬರುವ ಹಾಗಿರಲಿಲ್ಲ, ಆದ್ದರಿಂದ ಅಮ್ಮ ಮತ್ತು ನಾನು ಮಾತ್ರ ಹೋದೆವು. ಕಡಬದಿಂದ ದೊಡ್ಡಮ್ಮ, ದೊಡ್ಡಪ್ಪ, ಅವರ ಮಗಳು ಬಂದರು. ಅವಳಿಗೂ ನನ್ನದೇ ಪ್ರಾಯ. ಅಜ್ಜಿಮನೆಯಲ್ಲಿ ಇದ್ದವರು ಅಜ್ಜಿ ಮತ್ತು ಅವಳ ಒಬ್ಬನೇ ಮಗ, ನನ್ನ ಸೋದರಮಾವ. ಇಪ್ಪತ್ತೆರಡು ವರ್ಷ, ಮದುವೆ ಆಗಿರಲಿಲ್ಲ, ಮೀಸೆ ಮಾತ್ರ ಇತ್ತು.

ದೊಡ್ಡಪ್ಪನ ಮಗಳು ನನ್ನನ್ನು ನೋಡಿದ ಕೂಡಲೇ ಹೇಳಿದ್ದು ಇದು: "ಅಯ್ಯೋ, ನಿನ್ನ ಮಂಡೆ ಗೇರುಬೀಜದ ಹಾಗೆ ಉಂಟಲ್ಲ!"

"ನಿನ್ನ ಮೂಗು ಗೇರುಹಣ್ಣಿನ ಹಾಗೆ ಉಂಟು," ಎಂದೆ ನಾನು. ಅಲ್ಲಿಗೆ ಕುಶಲ ವಿಚಾರಿಸಿದ್ದು ಮುಗಿಯಿತು. ಅಂಗಳದಲ್ಲಿ ಗೇರುಬೀಜ ಸಾಲಾಗಿಟ್ಟು ಆಡಲು ಶುರು ಮಾಡಿದೆವು. ದೊಡ್ಡ ಬೀಜದಿಂದ ಗುರಿ ಇಟ್ಟು ಹೊಡೆಯುವುದು, ಸಾಲಿನಿಂದ ಹೊರಗೆ ಹಾರಿದ್ದೆಲ್ಲ ಹೊಡೆದವಳಿಗೆ. ಅವಳು ಆಟದಲ್ಲಿ ಮೋಸ ಮಾಡುತ್ತಿದ್ದಳು, ನಾನೂ ಮಾಡುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ನನ್ನ ಲಂಗದ ಮಡಿಲು ತುಂಬಿತ್ತು.

ದೊಡ್ಡವರಿಗೂ ಬಿಸುವಿನ ದಿನ ಬೇರೆ ಕೆಲಸ ಇರಲಿಲ್ಲ. ಹೆಂಗಸರು ಹಿಂದಿನ ಜಗಲಿಯಲ್ಲಿ ಹಲಸಿನಕಾಯಿ ಕೊಯ್ಯುತ್ತಾ ಒಗಟು ಹೇಳುವುದು. ಬಿಡಿಸಲಾಗದವರು ಮೇಣ ಹಿಡಿದ ಕತ್ತಿಗಳನ್ನು ಉಜ್ಜಬೇಕು. ಪ್ರತಿ ವರ್ಷ ಕತ್ತಿ ಉಜ್ಜುವವಳು ನನ್ನ ಅಮ್ಮನೇ. ಏಕೆಂದರೆ ಅಜ್ಜಿ ತನಗೆ ಬೇಕಾದ ಹಾಗೆ ಉತ್ತರ ಬದಲಿಸುತ್ತಿದ್ದಳು.

"ಹೊಟ್ಟೆ ತುಂಬ ಹಲ್ಲು, ಬಾಯಿ ಮಾತ್ರ ಇಲ್ಲ. ಎಂತದು ಹೇಳು?"

"ದಾಳಿಂಬೆ," ಎಂದಳು ಅಮ್ಮ.

"ಅಲ್ಲ. ಸೋರೆಕಾಯಿ."

"ಹೋದ ವರ್ಷ ನೀನೇ ದಾಳಿಂಬೆ ಹೇಳಿದ್ದು ಅಮ್ಮ!"

"ಹೋದ ವರ್ಷದ್ದು ಹೋದ ವರ್ಷಕ್ಕೆ. ಕತ್ತಿ ತೆಗೊ."

ಗಂಡಸರ ಆಟ ಎದುರಿನ ಅಂಗಳದಲ್ಲಿ. ಕಾಯಿ ಕುಟ್ಟುವುದು. ಇಬ್ಬರು ಎದುರುಬದುರು ಕೂರಬೇಕು. ಒಬ್ಬ ತನ್ನ ಸುಲಿದ ತೆಂಗಿನಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಬೇಕು, ಇನ್ನೊಬ್ಬ ತನ್ನ ಕಾಯಿಯಿಂದ ಅದಕ್ಕೆ ಕುಟ್ಟಬೇಕು. ಆಮೇಲೆ ಅದಲುಬದಲು. ಯಾರ ಕಾಯಿ ಒಡೆಯಿತೋ ಅವನು ಸೋತ, ಒಡೆದ ಕಾಯಿ ಗೆದ್ದವನಿಗೆ. ನೋಡಲು ಮಕ್ಕಳ ಆಟದ ಹಾಗೆ. ಆದರೆ ಇದಕ್ಕಾಗಿ ಗಂಡಸರು ವರ್ಷವಿಡೀ ದಪ್ಪ ಗೆರಟೆಯ ಕಾಯಿ ಹುಡುಕಿ ಅಡಗಿಸಿಡುತ್ತಿದ್ದರು.

ದೊಡ್ಡಪ್ಪ ಪ್ರತಿ ವರ್ಷ ಕಡಬದಿಂದ ಒಂದು ಗೋಣಿ ಕಾಯಿ ತರುತ್ತಿದ್ದರು. ಬಸ್ಸಿನಲ್ಲಿ ದೊಡ್ಡಮ್ಮ ನಿಲ್ಲಬೇಕು, ಗೋಣಿ ಸೀಟಿನಲ್ಲಿ ಕೂರಬೇಕು. ಮಾವ ಐದು ವರ್ಷದಿಂದ ಸೋಲುತ್ತಾ ಬಂದಿದ್ದ. ಒಡೆದ ಕಾಯಿಗಳನ್ನು ಅದೇ ಗೋಣಿಯಲ್ಲಿ ತುಂಬಿಸಿಕೊಂಡು ದೊಡ್ಡಪ್ಪ ಹೊರಡುವಾಗ ಒಂದು ಮಾತು ಹೇಳದೆ ಹೋಗುತ್ತಿರಲಿಲ್ಲ: "ನರಿಮೊಗರಿನ ಕಾಯಿ ಚಟ್ನಿಗೆ ಆಗ್ತದೆ ಭಾವ. ಆಟಕ್ಕೆ ಆಗುದಿಲ್ಲ."

ಆ ವರ್ಷವೂ ಊಟ ಮುಗಿದ ಮೇಲೆ ಶುರುವಾಯಿತು. ಮಾವನ ಮೂರು ಕಾಯಿ ಒಂದರ ಹಿಂದೆ ಒಂದು ಹೋಯಿತು. ಅವನು ನೀರು ಕುಡಿಯುವ ನೆವ ಮಾಡಿ ಒಳಗೆ ಬಂದು ನನ್ನ ಕೈ ಹಿಡಿದ.

"ಏ, ನಿನಗೆ ಬಡಿದು ನೋಡಿದ್ರೆ ಗೊತ್ತಾಗ್ತದಲ್ಲ. ಒಂದು ಗಟ್ಟಿ ಕಾಯಿ ಹುಡುಕಿ ಕೊಡು ಮಾರಾಯ್ತಿ. ಭಾವನ ಬಾಯಿ ಒಮ್ಮೆ ಮುಚ್ಚಿಸ್ಬೇಕು."

"ಎಂತ ಕೊಡ್ತೀರಿ ನನಗೆ?"

"ಪುತ್ತೂರಿನಿಂದ ರಿಬ್ಬನ್ ತಂದು ಕೊಡ್ತೇನೆ."

"ಕೂದಲು ಎಲ್ಲುಂಟು ರಿಬ್ಬನ್ ಕಟ್ಲಿಕ್ಕೆ?"

"ಬರುವವರೆಗೆ ಇಟ್ಕೋ!"

ಕೊಟ್ಟಿಗೆಯಲ್ಲಿ ಇದ್ದದ್ದನ್ನೆಲ್ಲ ಬಡಿದು ನೋಡಿದೆ. ಎಲ್ಲವೂ ಟಣ್. ಆಗ ಅಟ್ಟದ ನೆನಪಾಯಿತು. ಅಜ್ಜಿ ಒಳ್ಳೆಯದನ್ನೆಲ್ಲ ಅಟ್ಟದಲ್ಲಿ ಅಡಗಿಸಿಡುವವಳು. ಬೆಲ್ಲ, ಮಾವಿನ ಹಣ್ಣಿನ ಮಾಂಬಳ, ಹಳೆ ಹುಳಿ ಎಲ್ಲ ಅಲ್ಲಿಯೇ. ಏಣಿ ಹತ್ತಿದೆ. ಅಡುಗೆ ಒಲೆಯ ನೇರ ಮೇಲೆ ಒಂದು ಸಣ್ಣ ಬುಟ್ಟಿ ನೇತಾಡುತ್ತಿತ್ತು, ಒಳಗೆ ಬೈಹುಲ್ಲಿನ ಮೇಲೆ ಒಂದೇ ಒಂದು ಕಾಯಿ. ಸಣ್ಣದು, ಉದ್ದ ಮುಖ, ಹೊಗೆ ತಿಂದು ಬಾಣಲೆಯ ಹಾಗೆ ಕಪ್ಪಾಗಿತ್ತು. ಕಿವಿಯ ಹತ್ತಿರ ಹಿಡಿದು ಬಡಿದೆ. ಟಕ್. ಅಂಥ ಟಕ್ ನಾನು ಅದುವರೆಗೆ ಕೇಳಿರಲಿಲ್ಲ. ಮುದುಕಿ ಇದನ್ನು ಯಾಕೆ ಅಡಗಿಸಿದ್ದಾಳೆ ಎಂದು ಒಂದು ಕ್ಷಣವೂ ಯೋಚಿಸಲಿಲ್ಲ. ಲಂಗದಲ್ಲಿ ಸುತ್ತಿ ಇಳಿದು, ಮಾವನ ಕೈಗೆ ದಾಟಿಸಿದೆ.

ಮಾವ ಕುಟ್ಟಿದ. ದೊಡ್ಡಪ್ಪನ ಕಾಯಿ ಎರಡು ತುಂಡು. ನೀರು ಅವರ ಪಂಚೆಗೆ ಹಾರಿತು.

"ಇದೊಂದು ತಪ್ಪಿ ಹೋಯ್ತು," ಎಂದು ದೊಡ್ಡಪ್ಪ ಗೋಣಿಗೆ ಕೈ ಹಾಕಿದರು. ಎರಡನೆಯದೂ ಹೋಯಿತು. ಮೂರನೆಯದಕ್ಕೆ ಮಾವ ಕುಟ್ಟಬೇಕಾಗಿಯೇ ಬರಲಿಲ್ಲ, ಅವರೇ ಬಂದು ಕುಟ್ಟಿದರು, ಅವರದ್ದೇ ಒಡೆಯಿತು. ಆರು ಕಾಯಿ ಹೋಗುವಾಗ ಅವರು ಕುರುಚಲು ಗಡ್ಡ ಕೆರೆಯುತ್ತಾ ಮಾವನ ಕೈಯನ್ನು ದಿಟ್ಟಿಸಿ ನೋಡಿದರು.

"ಇದು ಕಾಯಿಯಾ ಗುಂಡುಕಲ್ಲಾ ಮಾರಾಯ? ಎಲ್ಲಿಂದ ಎಬ್ಬಿಸಿದ್ದು?"

"ಚಟ್ನಿಗೆ ಇಟ್ಟದ್ದು ಭಾವ. ನರಿಮೊಗರಿನದ್ದು."

ಎದುರಿನ ಜಗಲಿಗೆ ಬಂದು ಕೂತ ದೊಡ್ಡಮ್ಮ ಗಂಡ ಸೋತದ್ದಕ್ಕೆ ಸೆರಗು ಬಾಯಿಗೆ ಒತ್ತಿ ನಗುತ್ತಿದ್ದಳು. ಬಸ್ಸಿನಲ್ಲಿ ನಿಂತು ಬಂದ ಕಾಲು ಅವಳದ್ದು. ನಾನಂತೂ ಮಾವನ ಹಿಂದೆ ನಿಂತು, ಕುಟ್ಟುತ್ತಿರುವುದು ನಾನೇ ಎನ್ನುವ ಹಾಗೆ ಬೀಗುತ್ತಿದ್ದೆ.

ಆಗ ಒಳಗಿನಿಂದ ಅಜ್ಜಿ ನನ್ನನ್ನು ಕರೆದಳು. ಅವಳು ಅಡುಗೆಮನೆಯಲ್ಲಿ ಪಾಯಸದ ಹೆಸರುಬೇಳೆ ಹುರಿಯುತ್ತಿದ್ದಳು.

"ಏ ಪುಳ್ಳಿ, ನಾಳೆ ಬೆಳಿಗ್ಗೆ ಮಂಡೆಕೋಲಿಗೆ ಹೋಗ್ಲಿಕ್ಕುಂಟು. ನಿನ್ನ ಅಪ್ಪನ ಮನೆಯ ದೈವದ ಸ್ಥಾನಕ್ಕೆ. ನಿನ್ನ ಅಮ್ಮನ ಹತ್ರ ಹೇಳಿಯಾಗಿದೆ."

"ಎಂತಕ್ಕೆ ಅಜ್ಜಿ?"

"ಎಂತಕ್ಕೆಯಾ? ನಿನ್ನ ಜ್ವರ ಇಳಿಯದಾಗ ಆ ದೈವಕ್ಕೆ ಹೇಳಿ, ಒಂದು ಕಾಯಿ ನಿನ್ನ ಮಂಡೆಗೆ ಮೂರು ಸುತ್ತು ತಂದು ತೆಗೆದಿಟ್ಟಿದ್ದೇನೆ. ಮರುದಿನ ಜ್ವರ ಬಿಟ್ಟದ್ದು. ನಿನಗೆಲ್ಲಿ ಗೊತ್ತುಂಟು, ನೀನು ಆಗ ಕಣ್ಣೇ ಬಿಡ್ತಿರ್ಲಿಲ್ಲ. ಕಾಯಿ ದೈವಕ್ಕೆ ಮುಟ್ಟುವವರೆಗೆ ನಿನ್ನ ಜೀವ ಅದರಲ್ಲಿ ಉಂಟು ಅಂತ ಲೆಕ್ಕ. ದೇವರ ಕೋಣೆಗೆ ಸುಣ್ಣ ಬಳಿಯುವಾಗ ತೆಗೆದು ಅಟ್ಟಕ್ಕೆ ಇಟ್ಟೆ. ಹೋಗಿ ತಾ. ಒಲೆಯ ಮೇಲೆ ಸಣ್ಣ ಬುಟ್ಟಿಯಲ್ಲಿ ಉಂಟು."

ಹೊರಗೆ ಅಂಗಳದಲ್ಲಿ ಟಕ್ ಎಂದಿತು.

ನನ್ನ ಕೈ ತಾನಾಗಿ ಹಣೆಗೆ ಹೋಯಿತು. ಏಪ್ರಿಲಿನ ಮಧ್ಯಾಹ್ನ, ಒಲೆಯ ಎದುರು, ಯಾರ ಹಣೆಯಾದರೂ ಬಿಸಿ ಇರುತ್ತದೆ. ನನಗೆ ಅದು ತಿಳಿಯಲಿಲ್ಲ. ಜ್ವರ ಬಂತು ಎಂದೇ ಎಣಿಸಿದೆ. ಅಟ್ಟದ ಕಡೆ ಹೋದವಳ ಹಾಗೆ ಮಾಡಿ ಅಂಗಳಕ್ಕೆ ಓಡಿದೆ.

ದೊಡ್ಡಪ್ಪನ ಗೋಣಿಯಲ್ಲಿ ಒಂದೇ ಕಾಯಿ ಉಳಿದಿತ್ತು. ಅದನ್ನು ಅವರು ಪಂಚೆಯ ತುದಿಯಿಂದ ಒರೆಸುತ್ತಿದ್ದರು. ಹೋದ ವರ್ಷವೇ ಆರಿಸಿಟ್ಟದ್ದಂತೆ, ಕಡೆಗೆ ಎಂದು ಉಳಿಸಿದ್ದಂತೆ.

"ಮಾವ, ಆ ಕಾಯಿ ಸಾಕು. ಕೊಡಿ ಇಲ್ಲಿ."

"ಸುಮ್ನೆ ಕೂತ್ಕೋ. ಒಂದೇ ಬಾಕಿ."

"ಬೇರೆ ತಂದು ಕೊಡ್ತೇನೆ. ಇದಕ್ಕಿಂತ ಗಟ್ಟಿಯದ್ದು."

"ಇದಕ್ಕಿಂತ ಗಟ್ಟಿಯದ್ದು ಭೂಮಿಯ ಮೇಲೆ ಇಲ್ಲ!"

ದೊಡ್ಡಪ್ಪ ಗಂಟಲು ಸರಿಮಾಡಿಕೊಂಡರು. "ಈ ಸಲ ಕುಟ್ಟುದು ನಾನು. ಹಿಡಿ ಭಾವ."

ಮಾವ ಎರಡೂ ಕೈಯಲ್ಲಿ ನನ್ನ ಕಾಯಿಯನ್ನು ಹಿಡಿದು ಚಾಚಿದ. ದೊಡ್ಡಪ್ಪ ಕೈ ಎತ್ತಿದರು. ಹೇಳಿದರೆ ಪೆಟ್ಟು ಖಂಡಿತ, ಹೇಳದಿದ್ದರೆ ಜೀವ ಹೋಗುತ್ತದೆ. ಎರಡರಲ್ಲಿ ಪೆಟ್ಟು ಕಡಿಮೆ ಎಂದು ಕಂಡಿತು.

"ಮಾವ! ಅದು ನನ್ನ ಹರಕೆಯ ಕಾಯಿ! ಅಜ್ಜಿ ತೆಗೆದಿಟ್ಟದ್ದು!"

ಮಾವ ಬೆಚ್ಚಿ ನನ್ನ ಕಡೆ ತಿರುಗಿದ. ಕೈ ಸಡಿಲವಾಯಿತು. ದೊಡ್ಡಪ್ಪನ ಕೈ ಆಗಲೇ ಇಳಿಯುತ್ತಿತ್ತು, ಅದನ್ನು ನಿಲ್ಲಿಸಲು ಅವರಿಂದಲೂ ಆಗುತ್ತಿರಲಿಲ್ಲ. ಕಾಯಿ ಮಾವನ ಕೈಯಿಂದ ಜಾರಿ ಮೆಟ್ಟಿಲಿನ ಕಲ್ಲಿಗೆ ಬಿತ್ತು. ಅಷ್ಟು ಕಾಯಿಗೆ ಬಗ್ಗದ್ದು ಕಲ್ಲಿಗೆ ಬಗ್ಗಿತು. ಎರಡು ಹೋಳಾಗಿ ಒಂದು ತುಳಸಿಕಟ್ಟೆಯ ಕಡೆ, ಒಂದು ನನ್ನ ಕಾಲಿನ ಕಡೆ ಉರುಳಿತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಬಹುಶಃ ಅದು ಒಡೆಯುತ್ತಿರಲಿಲ್ಲ. ಇದನ್ನು ನಾನು ಆಮೇಲೆ ಬಹಳ ಸಲ ಲೆಕ್ಕ ಹಾಕಿದ್ದೇನೆ.

"ಗೆದ್ದೆ!" ಎಂದು ಕೈ ಮೇಲೆತ್ತಿದರು ದೊಡ್ಡಪ್ಪ. ನಾನು ಹೇಳಿದ್ದು ಅವರ ಕಿವಿಗೆ ಬಿದ್ದದ್ದು ಆಮೇಲೆ. ಎತ್ತಿದ ಕೈ ಮೆಲ್ಲ ಇಳಿಯಿತು. "ಎಂತ... ಎಂತ ಕಾಯಿ ಹೇಳಿದ್ದು ಇವಳು?"

ದೊಡ್ಡಪ್ಪನ ಮಗಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು, ಎಲ್ಲಿಂದ ಸಾಯಲು ಶುರು ಮಾಡುತ್ತೇನೆ ಎಂದು ನೋಡುವವಳ ಹಾಗೆ. ಅಮ್ಮ ಕತ್ತಿ ಬಿಟ್ಟು ಓಡಿ ಬಂದು ನನ್ನ ಬೆನ್ನಿಗೆ ಎರಡು ಬಾರಿಸಿದಳು, ಆಮೇಲೆ ಹಣೆ ಮುಟ್ಟಿ ನೋಡಿದಳು, ಆಮೇಲೆ ಇನ್ನೊಂದು ಬಾರಿಸಿದಳು.

ಅಜ್ಜಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ಎರಡೂ ಹೋಳು ಹೆಕ್ಕಿ, ಮೂಸಿ, ಜೋಡಿಸಿ ನೋಡಿದಳು. ಅಳಿಯನ ಹತ್ತಿರ ನೇರ ಮಾತಾಡುವ ಕ್ರಮ ಅವಳಿಗಿರಲಿಲ್ಲ. ಏನಾದರೂ ಹೇಳಬೇಕಾದರೆ ಜಗಲಿಯ ಕಂಬದ ಹತ್ತಿರ ಹೇಳುತ್ತಿದ್ದಳು. ಆವತ್ತೂ ಕಂಬದ ಎದುರು ನಿಂತಳು.

"ಕಡಬದವರಿಗೆ ಪ್ರಾಯ ನಲ್ವತ್ತು ಕಳೆಯಿತು. ಇನ್ನೂ ಕಾಯಿ ಕುಟ್ಟಿ ಆಡುದಂತೆ. ಒಂದು ಮಗುವಿನ ಹರಕೆಯ ಕಾಯಿ ಯಾವುದು, ಆಟದ ಕಾಯಿ ಯಾವುದು ಅಂತ ನೋಡ್ಲಿಕ್ಕೆ ಕಣ್ಣು ಇಲ್ಲ."

"ನನಗೆ ಹೇಗೆ ಗೊತ್ತಾಗ್ತದೆ ಅತ್ತೆ? ಅದು ಮಸಿಯ ಹಾಗೆ ಇತ್ತು," ಎಂದರು ದೊಡ್ಡಪ್ಪ.

"ಕುಟ್ಟಿದವರು ಯಾರು, ಅವರೇ ನಾಳೆ ಬಂದು ದೈವದ ಎದುರು ತಪ್ಪಾಯಿತು ಅಂತ ಹೇಳ್ಬೇಕು," ಎಂದಳು ಅಜ್ಜಿ ಕಂಬಕ್ಕೆ. "ಹಿಡಿದವನೂ ಬರ್ಬೇಕು. ಕದ್ದವಳು ಹೇಗೂ ಬರ್ತಾಳೆ."

ದೊಡ್ಡಪ್ಪನಿಗೆ ಮರುದಿನ ಕಡಬದಲ್ಲಿ ಕೆಲಸ ಇತ್ತು. ಅವರು ಅದನ್ನು ಹೇಳಲು ಬಾಯಿ ತೆರೆದರು. ಅಜ್ಜಿ ಕಂಬವನ್ನೇ ನೋಡುತ್ತಾ ಸೌಟು ಸ್ವಲ್ಪ ಮೇಲೆತ್ತಿದಳು. ಅವರು ಬಾಯಿ ಮುಚ್ಚಿದರು.

ಆಮೇಲೆ ಅವಳು ಕೊಟ್ಟಿಗೆಯಿಂದ ಹೊಸ ಕಾಯಿ ತಂದು, ನನ್ನನ್ನು ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿ, ತಲೆಗೆ ಮೂರು ಸುತ್ತು ತಂದಳು. ಅದರ ಬದಲು ಇದು, ನಾಳೆಯವರೆಗೆ ತಡೆದುಕೋ ಎಂದು ದೈವಕ್ಕೆ ಜೋರಾಗಿಯೇ ಹೇಳಿದಳು. ಹಾಲಿನವನಿಗೆ ನಾಳೆ ಬಾ ಎನ್ನುವ ಸ್ವರದಲ್ಲಿ. ನಾನು ಕೈ ಚಾಚಿ ಕಾಯಿಯನ್ನು ಒಮ್ಮೆ ಬಡಿದು ನೋಡಿದೆ.

"ಅಜ್ಜಿ, ಇದು ಟಣ್ ಹೇಳ್ತದೆ. ತೆಳು ಗೆರಟೆ."

"ದೈವಕ್ಕೆ ಕುಟ್ಟಿ ಆಡ್ಲಿಕ್ಕಲ್ಲ ಕೊಡುದು! ನಡಿ ಒಳಗೆ!"

ಆದರೆ ನನಗೆ ಸಮಾಧಾನವಾಗಲಿಲ್ಲ. ದಪ್ಪ ಗೆರಟೆಯಲ್ಲಿ ಇದ್ದ ಜೀವವನ್ನು ತೆಳು ಗೆರಟೆಗೆ ದಾಟಿಸಿದ್ದಾಳೆ, ಅದೂ ಒಂದು ರಾತ್ರಿ ಉಳಿಯಬೇಕು. ಒಡೆದ ಹೋಳುಗಳನ್ನು ಅಡುಗೆಗೆ ಹಾಕುವಂತಿಲ್ಲ, ಬಿಸಾಡುವಂತೆಯೂ ಇಲ್ಲ ಎಂದು ತುಳಸಿಕಟ್ಟೆಯ ಮೇಲೆ ಕವುಚಿ ಹಾಕಿದ್ದರು. ಆ ಕಡೆ ನೋಡಿದಾಗಲೆಲ್ಲ ಒಳಗೆ ಹೋಗಿ ಚಾಪೆಯ ಮೇಲೆ ಬಿದ್ದುಕೊಳ್ಳುತ್ತಿದ್ದೆ. ಅದು ಜ್ವರದ್ದು ಎಂದು ನಾನು, ಹಸಿವೆ ಎಂದು ಅಮ್ಮ.

ಸಂಜೆ ಪಾಯಸ ಬಡಿಸಿದರು. ಹೇಗೂ ಸಾಯುವುದಾದರೆ ಬಿಟ್ಟು ಸಾಯುವುದು ಯಾಕೆ ಎಂದು ಮೂರು ಸಲ ಹಾಕಿಸಿಕೊಂಡೆ. ಪಕ್ಕದಲ್ಲಿ ಕೂತ ದೊಡ್ಡಪ್ಪನ ಮಗಳು ನನ್ನ ಕಿವಿಯ ಹತ್ತಿರ ಬಾಗಿದಳು.

"ನೀನು ಸತ್ರೆ ನಿನ್ನ ಗೇರುಬೀಜ ನನಗೆ ಕೊಡ್ತೀಯಾ?"

"ಕೊಡುದಿಲ್ಲ."

"ಸತ್ತ ಮೇಲೆ ನಿನಗೆ ಎಂತಕ್ಕೆ ಅದು?"

"ಸತ್ತ ಮೇಲೆ ಕೇಳು, ಆಗ ಹೇಳ್ತೇನೆ."

ಮಾವ ನಮ್ಮ ಎದುರು ಕೂತು ಊಟ ಮಾಡುತ್ತಿದ್ದವನು ತಲೆ ಎತ್ತಲೇ ಇಲ್ಲ. ಕೈ ತೊಳೆಯುವಾಗ ನನ್ನ ಹತ್ತಿರ ಬಂದು, "ಎರಡು ರಿಬ್ಬನ್ ತರ್ತೇನೆ, ಆಯ್ತಾ?" ಎಂದ. ಅವನ ಮುಖ ನನಗಿಂತ ಹೆಚ್ಚು ಬಿಳಿಚಿತ್ತು. ರಿಬ್ಬನ್ ಕಟ್ಟುವಷ್ಟು ಕೂದಲು ಬರುವವರೆಗೆ ಇರುತ್ತೇನೆ ಎನ್ನುವ ಧೈರ್ಯ ಆಗ ನನ್ನಲ್ಲಿ ಇರಲಿಲ್ಲ.

ಮರುದಿನ ಬೆಳಿಗ್ಗೆ ಎಚ್ಚರವಾಯಿತು. ಎಚ್ಚರವಾಯಿತಲ್ಲ ಎಂದು ಮೊದಲು ಆಶ್ಚರ್ಯವಾಯಿತು. ಹಣೆ ಮುಟ್ಟಿಕೊಂಡೆ. ನನ್ನ ಕೈಯನ್ನು ನಾನೇ ನಂಬದೆ ಪಕ್ಕದಲ್ಲಿ ಮಲಗಿದ್ದ ದೊಡ್ಡಪ್ಪನ ಮಗಳನ್ನು ಎಬ್ಬಿಸಿ ಮುಟ್ಟಿಸಿದೆ.

"ತಣ್ಣಗುಂಟು," ಎಂದು ಬೇಸರದಲ್ಲಿ ಹೇಳಿ ಮಗ್ಗುಲು ಬದಲಿಸಿದಳು.

ಎದ್ದು ನೇರ ದೇವರ ಕೋಣೆಗೆ ಹೋದೆ. ಬಿಳಿ ಬಟ್ಟೆಯಲ್ಲಿ ಕಟ್ಟಿದ ಹೊಸ ಹರಕೆಯ ಕಾಯಿ ದೀಪದ ಪಕ್ಕ ಇತ್ತು. ಸ್ನಾನ ಮಾಡದೆ ಮುಟ್ಟಬಾರದು ಎಂದು ಬಾವಿಯ ಹತ್ತಿರ ಓಡಿ ನಾಲ್ಕು ಕೊಡ ತಣ್ಣೀರು ತಲೆಗೆ ಹೊಯ್ದುಕೊಂಡೆ. ಜ್ವರ ಬಿಟ್ಟ ಮೇಲೆ ತಣ್ಣೀರು ಮುಟ್ಟಬಾರದು ಎಂದು ಹೇಳಿದ್ದರು, ಅದೂ ನೆನಪಾಗಲಿಲ್ಲ. ಮಾವ ಕಾಯಿಯನ್ನು ತನ್ನ ಚೀಲಕ್ಕೆ ಹಾಕಲು ಬಂದ. ನಾನು ಕೊಡಲಿಲ್ಲ. ದೊಡ್ಡಪ್ಪ ಕೈ ಚಾಚಿದರು. ಅವರಿಗಂತೂ ತೋರಿಸಲೂ ಇಲ್ಲ. ಪುತ್ತೂರಿನವರೆಗೆ ನಡೆದೆವು. ಎಡವಿದರೆ ನಾನು ಬೀಳಬೇಕು, ಕಾಯಿ ಬೀಳಬಾರದು ಎಂದು ಎದೆಗೆ ಒತ್ತಿಕೊಂಡು ದಾರಿ ನೋಡಿ ನೋಡಿ ಹೆಜ್ಜೆ ಇಟ್ಟೆ. ಅಮ್ಮ ಒಂದೆರಡು ಸಲ ಬೈದು, ಆಮೇಲೆ ತಾನೂ ನಿಧಾನ ನಡೆದಳು.

ಸುಳ್ಯದ ಬಸ್ಸು ಹಬ್ಬದ ಮರುದಿನದ ಜನದಿಂದ ಗಿಜಿಗುಟ್ಟುತ್ತಿತ್ತು. ಕಂಡಕ್ಟರ್ ನನ್ನ ಗಂಟು ನೋಡಿ, "ಅದನ್ನು ಮೇಲೆ ಹಾಕುವ, ಕೊಡು," ಎಂದ.

"ಕೊಡುದಿಲ್ಲ."

"ಎಂತ ಉಂಟು ಅದರಲ್ಲಿ? ಚಿನ್ನವಾ?"

"ಬಿಡಿ ಮಾರಾಯ್ರೆ," ಎಂದ ಮಾವ ಹಿಂದಿನಿಂದ. "ಅವಳ ಜೀವ ಉಂಟು."

ಕಂಡಕ್ಟರ್ ನಕ್ಕು ಮುಂದೆ ಹೋದ. ಇಬ್ಬರು ಕೂರುವ ಒಂದು ಸೀಟು ಸಿಕ್ಕಿತ್ತು. ನಾನು ಕಿಟಕಿಯ ಕಡೆಗೆ ಬೆನ್ನು ಹಾಕಿ, ಎರಡೂ ಕಾಲು ಸೀಟಿನ ಮೇಲೆ ಮಡಚಿ, ಯಾರ ಮೊಣಕೈಯೂ ತಾಗದ ಹಾಗೆ ಮೊಣಕಾಲುಗಳ ನಡುವೆ ಕಾಯಿ ಹಿಡಿದು ಇಡೀ ಸೀಟಿನಲ್ಲಿ ಕೂತೆ. ದೊಡ್ಡಪ್ಪ ಸುಳ್ಯದವರೆಗೂ ನಿಂತುಕೊಂಡೇ ಬಂದರು.